ಗೋಡೆ ಪತ್ರಿಕೆಯ ಮೇಡಂ

ಯಾದಗಿರಿ ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಈ ಫ್ಲೆಕ್ಸ್ ಕಾಲದಲ್ಲಿ ಅವನಿಗೆ ಇನ್ನೂ ಯಾರು ಕೆಲಸ ಕೊಡುತ್ತಾರೋ ಗೊತ್ತಿಲ್ಲ. ಬಕೆಟ್ಟಿನಲ್ಲಿ ಮೈದಾ ಹಿಟ್ಟು ಕಾಯಿಸಿದ ಅಂಟು, ಅದರೊಳಗೆ ಸವೆದ ಬ್ರಷ್ಷು. ಸುರಪುರದ ಬಸ್ಸಿಗೆ ಕಾಯುತ್ತ ನಿಂತಿದ್ದ ನನ್ನ ಮೂಗಿಗೆ ಆ ಹುಳಿ ವಾಸನೆ ಬಡಿಯಿತು. ಮೇಡಂ ನೆನಪಾದರು ಎಂದು ಬರೆಯಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಬೆಳಿಗ್ಗೆಯಿಂದಲೂ ಅವರು ತಲೆಯಲ್ಲೇ ಇದ್ದರು. ವಾಸನೆ ಬಂದು ಅವರನ್ನು ಪಕ್ಕಕ್ಕೆ ತಂದು ನಿಲ್ಲಿಸಿತು, ಅಷ್ಟೇ.

ನನ್ನ ಅಂಗಿಯ ಜೇಬಿನಲ್ಲಿ ಒಂದು ತಿದ್ದುಪಡಿ ಇತ್ತು. ಮೇಡಂ ತೀರಿಕೊಂಡ ಸುದ್ದಿ ನಾನು ಕೆಲಸ ಮಾಡುವ ಪತ್ರಿಕೆಯಲ್ಲೇ, ನಾನು ರಜೆಯಲ್ಲಿದ್ದ ದಿನ ಅಚ್ಚಾಗಿತ್ತು. ‘ಪತ್ರಿಕೋದ್ಯಮ ಪ್ರಾಧ್ಯಾಪಕಿ ನಿಧನ’ ಎಂದು ತಲೆಬರಹ. ಮೇಡಂ ಪ್ರಾಧ್ಯಾಪಕಿ ಆಗಿರಲಿಲ್ಲ. ಅತಿಥಿ ಉಪನ್ಯಾಸಕಿಯಾಗಿ ಕೆಲವು ವರ್ಷ ಪಾಠ ಮಾಡಿದ್ದರು, ಆಮೇಲೆ ಅದೂ ಇರಲಿಲ್ಲ. ತಪ್ಪು ಅಚ್ಚಾದರೆ ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ತಿದ್ದಬೇಕು, ತಿದ್ದುವ ಮುನ್ನ ಸಂಬಂಧಪಟ್ಟವರಿಗೆ ಓದಿ ಹೇಳಬೇಕು. ಇದನ್ನು ನನಗೆ ಕಲಿಸಿದವರೇ ಅವರು. ಹಾಗಾಗಿ ಸುರಪುರದಾಚೆಯ ಕಕ್ಕೇರಾಕ್ಕೆ, ಅವರು ಕೊನೆಯವರೆಗೂ ಇದ್ದ ತಂಗಿಯ ಮನೆಗೆ ಹೊರಟಿದ್ದೆ.

ನಾವು ಎಂ.ಎ. ಪತ್ರಿಕೋದ್ಯಮ ಓದುತ್ತಿದ್ದ ವಿಭಾಗದಲ್ಲಿ ಒಂದು ಕ್ಯಾಮೆರಾ ಇತ್ತು. ಕ್ಯಾಮೆರಾ ಬೀರುವಿನಲ್ಲಿ, ಬೀರುವಿನ ಕೀಲಿ ಮುಖ್ಯಸ್ಥರ ಬಳಿ, ಮುಖ್ಯಸ್ಥರು ಕಲಬುರಗಿಯಲ್ಲಿ. ವಿದ್ಯಾರ್ಥಿಗಳೇ ಹೊರತರಬೇಕಾದ ಪ್ರಯೋಗ ಪತ್ರಿಕೆ ಪಠ್ಯದಲ್ಲಿತ್ತೇ ಹೊರತು ಅದನ್ನು ಅಚ್ಚು ಹಾಕಿಸುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೇಡಂ ಬಂದವರೇ ಗೋಡೆ ಪತ್ರಿಕೆ ಶುರು ಮಾಡಿದರು. ದೊಡ್ಡ ಡ್ರಾಯಿಂಗ್ ಹಾಳೆ, ಕೈಬರಹದ ಸುದ್ದಿ, ಕೆಂಪು ಮಸಿಯಲ್ಲಿ ತಲೆಬರಹ. ನಮ್ಮ ತರಗತಿಯ ಮೊದಲ ಸಂಚಿಕೆ ಮುಗಿಸಿ ನೋಟೀಸ್ ಬೋರ್ಡಿನ ಕಡೆ ಹೊರಟಿದ್ದ ನಮ್ಮನ್ನು ತಡೆದರು.

“ಅಲ್ಲಿ ಯಾಕ? ಯಾರ ಸುದ್ದಿ ಬರದೀರಿ, ಅವರ ಊರಿಗಿ ಹೋಗಿ ಹಚ್ಚಬೇಕು. ಹಚ್ಚಿ ಓಡಿ ಬರೂದಲ್ಲ. ಬಾಜೂಕ ನಿಂದ್ರಬೇಕು.”

ಆ ನಿಲ್ಲುವುದಿತ್ತಲ್ಲ, ಅದಕ್ಕಿಂತ ಪರೀಕ್ಷೆ ವಾಸಿ. ಶಿರವಾಳದ ಹಳೆಯ ಗುಡಿಗಳ ಬಗ್ಗೆ ನಾನು ಬಹಳ ಸೊಗಸಾಗಿ ಬರೆದಿದ್ದೆ. ಅಲ್ಲಿ ಹಚ್ಚಿ ನಿಂತಾಗ ಊರಿನ ಒಬ್ಬರು ಬಂದು, ಕೈ ಹಿಂದೆ ಕಟ್ಟಿಕೊಂಡು ಕೊನೆಯತನಕ ಓದಿ, “ಗುಡಿಗಿ ಎಮ್ಮಿ ಕಟ್ಯಾರ ಅಂತ ಬರದೀಯಲ್ಲ ತಮ್ಮಾ, ಅದು ನನ್ನ ಎಮ್ಮಿ. ಕಟ್ಟಿದ್ದು ಬೇವಿನ ಗಿಡಕ್ಕ. ನಡಿ, ತೋರಸ್ತೀನಿ” ಎಂದರು. ಹೋಗಿ ನೋಡಿದೆ. ಬೇವಿನ ಮರವೇ.

ಅಂಟನ್ನು ಮೇಡಂ ಮನೆಯಲ್ಲೇ ಕಾಯಿಸಿ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ರೆಗ್ಜಿನ್ ಚೀಲದಲ್ಲಿ ಅದರ ಪಕ್ಕವೇ ಬುತ್ತಿಯ ಡಬ್ಬಿ. ಒಮ್ಮೆ ಹಸಿದಿದ್ದ ಗೆಳೆಯನೊಬ್ಬ ಪಾಯಸವೆಂದುಕೊಂಡು ಅಂಟಿಗೆ ಬೆರಳು ಅದ್ದಿದ. “ಬಾಯಾಗ ಇಟಗೋಬ್ಯಾಡೋ, ಹುಳ ಹತ್ತಬಾರದಂತ ಮೈಲುತುತ್ತ ಹಾಕೀನಿ. ನಾಳಿ ನಿನ್ನ ಸುದ್ದೀನೇ ಬರೀಬೇಕಾಗ್ತದ” ಎಂದರು. ಅವರು ನಕ್ಕದ್ದನ್ನು ನಾವು ನೋಡಿದ್ದು ಕಡಿಮೆ. ಅವತ್ತು ನಕ್ಕಿದ್ದರು...

ಆಮೇಲೆ ಗೋಗಿ ಕಡೆಯ ಒಂದು ಹಳ್ಳಿಯ ಸುದ್ದಿ. ಸಹಪಾಠಿಯೊಬ್ಬ ಬರೆದದ್ದು. ಕುಡಿಯುವ ನೀರಿನ ಘಟಕ ನೋಡಿಕೊಳ್ಳುವ ಹೆಂಗಸು ಮನಸ್ಸಿಗೆ ಬಂದಂತೆ ಬೀಗ ಹಾಕಿ ಹೋಗುತ್ತಾಳೆ ‘ಎಂದು ಗ್ರಾಮಸ್ಥರು ದೂರಿದ್ದಾರೆ’. ಶಹಾಪುರದಿಂದ ಆಟೋ ಹಿಡಿದು ಹೋಗಿ, ಪಂಚಾಯ್ತಿ ಗೋಡೆಗೆ ಹಚ್ಚಿ ನಿಂತೆವು. ಸ್ವಲ್ಪ ಹೊತ್ತಿಗೆ ಆ ಹೆಂಗಸೇ ಬಂದಳು. ಯಾರೋ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದರು.

“ಮೋಟರ್ ಸುಟ್ಟದ ಅಂತ ಪಂಚಾಯ್ತಿಗಿ ಹೇಳಿ ಹೇಳಿ ಸಾಕಾಗ್ಯಾದ ನನಗ. ಯಾವ ಗ್ರಾಮಸ್ಥ ಹೇಳ್ಯಾನ? ಕರೀರಿ ಇಲ್ಲಿ!” ಅವಳು ಬೈಯುತ್ತಲೇ ಅತ್ತಳು. ಗಂಡನ ಮನೆಯವರೆಲ್ಲ ಇದೇ ಊರಿನಲ್ಲಿದ್ದಾರೆ, ತಲೆ ಎತ್ತಿ ಹೇಗೆ ತಿರುಗಲಿ ಎಂದು ಕೇಳಿದಳು.

ಮೇಡಂ ಸಹಪಾಠಿಯ ಕಡೆ ತಿರುಗಿದರು. “ಗ್ರಾಮಸ್ಥರು ಅಂದ್ರ ಯಾರು?”

“ಚಹಾದ ಅಂಗಡ್ಯಾಗ ಕುಂತಿದ್ರು ಮೇಡಂ...”

“ಎಷ್ಟ್ ಮಂದಿ?”

“ಇಬ್ಬರು.”

“ಈಕಿಗಿ ಕೇಳಿದೇನು?”

ಅವನು ಕೇಳಿರಲಿಲ್ಲ. ಇವತ್ತಿಗೂ ನಮ್ಮ ಪತ್ರಿಕೆಗಳಲ್ಲಿ ಗ್ರಾಮಸ್ಥರೆಂದರೆ ಬಹುಮಟ್ಟಿಗೆ ಚಹಾದ ಅಂಗಡಿಯ ಆ ಇಬ್ಬರೇ.

ಮರುದಿನವೇ ಮೇಡಂ ತಿದ್ದುಪಡಿ ಬರೆದರು. ಅದೇ ಅಳತೆಯ ಹಾಳೆ, ಅದೇ ಕೆಂಪು ಮಸಿ, ಮೇಲೆ ‘ನಮ್ಮ ತಪ್ಪು’ ಎಂಬ ತಲೆಬರಹ. ಕೆಳಗೆ ಸಹಪಾಠಿಯ ಹೆಸರಿರಲಿಲ್ಲ. ಅವರದೇ ಸಹಿ ಇತ್ತು. ಸುದ್ದಿ ಹೇಗೋ ಮುಖ್ಯಸ್ಥರಿಗೆ ಮುಟ್ಟಿತು, ಅಪರೂಪಕ್ಕೆ ಕಲಬುರಗಿಯಿಂದ ಬಂದರು. ಕೋಣೆಯ ಬಾಗಿಲು ತೆರೆದೇ ಇತ್ತು.

“ವಿಭಾಗದ ಮರ್ಯಾದಿ ಏನಾಗಬೇಕ್ರಿ? ಆ ಹಾಳಿ ಹಚ್ಚಬ್ಯಾಡ್ರಿ. ಮುಂದಿನ ವರ್ಷ ಇಲ್ಲಿ ಇರಬೇಕಂತ ಆಸೆ ಅದನೋ ಇಲ್ಲೋ?”

“ಅದ ರಿ ಸರ್,” ಎಂದರು ಮೇಡಂ. “ಆದ್ರ ತಪ್ಪು ಹಚ್ಚಿ ಬಂದೀನ್ರಿ. ಇದನ್ನೂ ಹಚ್ಚಿ ಬರ್ತೀನಿ.”

ಅದೇ ಸಂಜೆ ಹೋದರು, ನಾವೂ ಜೊತೆಗಿದ್ದೆವು. ಮೊದಲು ಆ ಹೆಂಗಸಿನ ಮನೆಗೆ ಹೋಗಿ ಓದಿದರು. ಅವಳು ಕೇಳಿ, “ಇನ್ನೊಮ್ಮಿ ಓದ್ರಿ” ಎಂದಳು. ಮೇಡಂ ಇನ್ನೊಮ್ಮೆ ಓದಿದರು. ಆಮೇಲೆ ಗೋಡೆಗೆ ಹಚ್ಚಿ, ಕತ್ತಲಾಗುವವರೆಗೂ ಪಕ್ಕದಲ್ಲಿ ನಿಂತರು.

ಮರುವರ್ಷ ಅವರನ್ನು ಪಾಠಕ್ಕೆ ಕರೆಯಲಿಲ್ಲ. ಕರೆಯುವುದಿಲ್ಲವೆಂದೂ ಯಾರೂ ಹೇಳಿರಲಿಲ್ಲ. ಮೊದಲ ದಿನ ಎಂದಿನಂತೆ ಬಂದರು, ಹೆಗಲಲ್ಲಿ ರೆಗ್ಜಿನ್ ಚೀಲ. ಅವರ ತರಗತಿಯಲ್ಲಿ ಹೊಸಬರೊಬ್ಬರು ಹಾಜರಿ ಕೂಗುತ್ತಿದ್ದರು. ಮೇಡಂ ವರಾಂಡದ ಬೆಂಚಿನ ಮೇಲೆ ಕುಳಿತರು. ಏನಾಯಿತೆಂದು ಕೇಳಲು ಹೋದ ನಮಗೆ, “ಕ್ಲಾಸಿಗಿ ಹೋಗ್ರಿ, ಟೈಮ್ ಆಗ್ಯಾದ” ಎಂದರು. ಹೋದೆವು. ತಿರುಗಿ ಬರುವಷ್ಟರಲ್ಲಿ ಬೆಂಚು ಖಾಲಿಯಿತ್ತು. ಮುಂದೆ ಕಕ್ಕೇರಾದ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದರಂತೆ. ಮೊನ್ನೆ ಜ್ವರವೆಂದು ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ.

ಬಸ್ಸು ಶಹಾಪುರ ದಾಟಿತು. ಗೋಗಿಯ ಆಟೋಗಳು ಆಗಿನ ಜಾಗದಲ್ಲೇ ನಿಂತಿದ್ದವು. ಕಿಟಕಿಗೆ ತಲೆಯಾನಿಸಿ ಕುಳಿತಿದ್ದೆ. ಎಲ್ಲಿ ಇಳಿಯುತ್ತೀರಿ ಎಂದು ಕಂಡಕ್ಟರ್ ಎರಡು ಸಲ ಕೇಳಬೇಕಾಯಿತು.

ಕಕ್ಕೇರಾದ ಆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಮೇಲಿನ ಗೋಡೆಯಲ್ಲಿ ಮೇಡಂ ನಿಧನದ ಸುದ್ದಿಯಿದ್ದ ನಮ್ಮ ಪತ್ರಿಕೆಯ ತುಂಡು. ಆಗಷ್ಟೇ ಹಚ್ಚಿದ್ದು, ಇನ್ನೂ ಹಸಿಯಾಗಿತ್ತು. ಯಂತ್ರದ ಮೇಲೆ ಅಂಟಿನ ಬಟ್ಟಲು. “ಅಕ್ಕನ ಹಂಗ ಕಾಸಾಕ ಬರಂಗಿಲ್ರಿ ನನಗ, ಗಂಟ ಗಂಟ ಆಗ್ಯಾದ” ಎಂದರು ತಂಗಿ.

ಬಂದ ಕಾರಣ ಹೇಳಿ, ಜೇಬಿನ ಹಾಳೆ ತೆಗೆದು ಓದಿದೆ: ‘ಪ್ರಾಧ್ಯಾಪಕಿ ಎಂದು ಪ್ರಕಟವಾಗಿದೆ. ಅವರು ಅತಿಥಿ ಉಪನ್ಯಾಸಕಿಯಾಗಿದ್ದರು. ತಪ್ಪಿಗೆ ವಿಷಾದಿಸುತ್ತೇವೆ.’ ಅವರು ಇನ್ನೊಮ್ಮೆ ಓದಿ ಎನ್ನಲಿಲ್ಲ.

“ಖರೇನೇ ಅದ. ನಮ್ಮಕ್ಕ ಇದ್ದಿದ್ರ, ಹಾಕು ಅಂತಿದ್ಲು. ಅಕಿ ಇಲ್ಲ. ನಾ ಹೇಳಾಕತ್ತೇನಿ, ಹಾಕಬ್ಯಾಡ್ರಿ. ಪ್ರಾಧ್ಯಾಪಕಿ ಅನ್ನೂ ಆ ಒಂದು ಮಾತಿಗಿ ವರ್ಷಾ ವರ್ಷಾ ಅರ್ಜಿ ಹಾಕಿದ್ಲು. ಜೀವ ಇದ್ದಾಗ ಯಾರೂ ಕೊಡ್ಲಿಲ್ಲ. ಈಗ ಬಂದದ. ಅದನ್ನೂ ಕಸ್ಕೋತೀರೇನ್ರಿ?”

ನಾನು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆ ನೋಡಿದರು.

“ಆ ಮ್ಯಾಲಿನ ಮೂಲಿ ಎದ್ದದ ನೋಡ್ರಿ. ಸ್ಟೂಲ್ ಹತ್ತಿ ಹಚ್ಚೀನಿ, ಮತ್ತ ಹತ್ತಾಕ ಆಗವಲ್ದು. ನೀವು ಎತ್ತರ ಅದೀರಿ, ಒಂದೀಟು ಒತ್ರಿ.”

ಬಟ್ಟಲಿನ ಅಂಟನ್ನು ಬೆರಳ ತುದಿಗೆ ತೆಗೆದುಕೊಂಡೆ. ‘ಪ್ರಾಧ್ಯಾಪಕಿ’ ಎಂದಿದ್ದ ಕಡೆಯೇ ಕಾಗದ ಎದ್ದಿತ್ತು. ಹಿಂದೆ ಸವರಿ, ಹಿಡಿಯುವವರೆಗೂ ಅಂಗೈಯಿಂದ ಒತ್ತಿದೆ. ಆಮೇಲೆ ಅಭ್ಯಾಸದಂತೆ ಪಕ್ಕಕ್ಕೆ ಸರಿದು ನಿಂತೆ. ಪಕ್ಕದ ಮನೆಯವರು ಬಂದು ಓದಿದರು, ಬಟ್ಟೆ ಹೊಲಿಸಲು ಬಂದವರು ಓದಿದರು. ಯಾರೂ ತಪ್ಪಿದೆ ಅನ್ನಲಿಲ್ಲ. ಅನ್ನಬೇಕಾದ ಒಬ್ಬರು ಮಾತ್ರ ಇರಲಿಲ್ಲ.