ರೊಟ್ಟಿ ತೂಗಿದ ಅಕ್ಕೋರು

ನಮ್ಮ ಅಡುಗೆಮನೆಯ ಬಾಗಿಲು ಗಿಡ್ಡ, ಅಕ್ಕೋರು ಎತ್ತರ. ಬಂದ ಮೊದಲ ದಿನವೇ ಚೌಕಟ್ಟಿಗೆ ಹಣೆ ಬಡಿದು ಲಿಂಬಿಕಾಯಿಯಷ್ಟು ಬಾವು ಬಂತು. ನಮ್ಮತ್ತೆ ಅರಿಶಿನ ಕಲಸಿ ಹಚ್ಚಿದರು. ಆ ಹಳದಿ ಹಣೆಯಲ್ಲೇ ಅವರು ಒಲೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತು, ಚೀಲದಿಂದ ಸಣ್ಣ ಹಿತ್ತಾಳೆ ತಕ್ಕಡಿ ತೆಗೆದು, ನಾನು ಬಡಿದ ಜೋಳದ ರೊಟ್ಟಿಯನ್ನು ತೂಗಿದರು.

ಇದು ಹತ್ತು ವರ್ಷದ ಹಿಂದಿನ ಮಾತು, ಎಪ್ಪತ್ತರ ದಶಕ ಮುಗಿಯುವ ಹೊತ್ತು. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ನಮ್ಮೂರಿಗೆ ಅವರು ಸರಕಾರದ ವಿಶ್ವವಿದ್ಯಾಲಯದಿಂದ ಸಂಶೋಧನೆಗೆ ಬಂದಿದ್ದರು. ಸಾಲಿಯಲ್ಲಿ ಮಕ್ಕಳಿಗೆ ಕಲಿಸುವವರಲ್ಲದಿದ್ದರೂ ಓದಿದ ಹೆಣ್ಣುಮಗಳೆಂದು ಊರೆಲ್ಲ ಅಕ್ಕೋರು ಎಂದೇ ಕರೆಯಿತು. ಒಂದೊಂದು ಮನೆಯಲ್ಲಿ ಮೂರು ದಿನ ಕುಳಿತು, ಯಾರ ತಾಟಿಗೆ ಎಷ್ಟು ಬಿತ್ತು, ಎಷ್ಟು ಉಳಿಯಿತು ಎಂದು ತೂಗಿ ಬರೆದುಕೊಳ್ಳುವುದು ಅವರ ಕೆಲಸ. ಅದರಲ್ಲೂ ಹೆಂಗಸರ ತಾಟು. "ಒಂದೂವರಿ ರೊಟ್ಟಿ ಇರಬೇಕ್ರಿ" ಎಂದರೆ ಕೇಳುತ್ತಿರಲಿಲ್ಲ. "ಕಣ್ಣಳತಿ ಬ್ಯಾಡ ತಂಗಿ, ತಕ್ಕಡಿಗೆ ಹಾಕು" ಎನ್ನುವರು. ನಾವು ಉಂಡು ಕೈ ತೊಳೆಯುವತನಕ ತಾವು ಒಂದು ತುತ್ತೂ ಮುಟ್ಟುತ್ತಿರಲಿಲ್ಲ.

ನಮ್ಮ ಮಾವನಿಗೆ ಇದೆಲ್ಲ ನಗೆ. "ಹತ್ತಿ ತೂಗೂದು ನೋಡೀನಿ, ಬೆಲ್ಲಾ ತೂಗೂದು ನೋಡೀನಿ. ಉಣ್ಣೂ ರೊಟ್ಟಿ ತೂಗೂದು ಇದ ಮೊದಲ. ಇದಕ್ಕೂ ಸರಕಾರ ಪಗಾರ ಕೊಡ್ತತೇನ್ರಿ?"

ಅಕ್ಕೋರು ಸಿಟ್ಟಾಗಲಿಲ್ಲ. ಅವರ ವಿಶ್ವವಿದ್ಯಾಲಯದಲ್ಲಿ ಒಬ್ಬರು ಜೋಳದ ಕಾಡಿಗೆ ರೋಗ ಓದುತ್ತಾರಂತೆ. ಇನ್ನೊಬ್ಬರು ಕುರಿಯ ಹೊಟ್ಟೆಯ ಹುಳ. ಗಂಗಾವತಿ ಕಡೆ ಕಾಲುವೆ ನೀರು ಕುಡಿದು ಹೊಲ ಯಾಕೆ ಸವಳಾಗುತ್ತದೆ ಎಂದು ಮಣ್ಣು ಹೊತ್ತು ಒಯ್ಯುವವರಿದ್ದಾರಂತೆ. ನೊಗ ತಿಕ್ಕಿ ಎತ್ತಿನ ಹೆಗಲು ಹುಣ್ಣಾಗುವುದನ್ನೇ ನಾಲ್ಕು ವರ್ಷದಿಂದ ಬರೆಯುತ್ತಿರುವವರೂ ಒಬ್ಬರಂತೆ. ಎತ್ತಿನ ಮಾತು ಬಂದದ್ದೇ ಮಾವ ಎದ್ದು ಕುಳಿತರು.

"ಭೇಷ್! ಎತ್ತಿಗೆ ಆತು, ಕುರಿಗೆ ಆತು, ಜ್ವಾಳಕ್ಕ ಆತು. ನಿಮ್ಮ ಪಾಲಿಗೆ ಹೆಣ್ಣಮಕ್ಕಳ ಹೊಟ್ಟಿ ಉಳೀತೇನ್ರಿ?"

"ಹೌದ್ರಿ ಯಜಮಾನ್ರ, ಅದೊಂದ ಉಳಿದಿತ್ತು. ಯಾರೂ ಆರಿಸಿಕೊಂಡಿದ್ದಿಲ್ಲ" ಎಂದರು ಅಕ್ಕೋರು. ಮಾವ ಆಮೇಲೆ ನಗಲಿಲ್ಲ.

ಬಸುರಿ ಹೆಚ್ಚು ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಕೈ ಬಿಗಿಹಿಡಿದು ಕಡಿಮೆ ಬಡಿಸುವುದು ನಮ್ಮ ಮನೆಯ ರೂಢಿ. ನನಗೂ ಹಾಗೆಯೇ ಬಡಿಸಿದ್ದರು, ನಾನೂ ನಂಬಿದ್ದೆ. ಆಗ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಏಳು ತಿಂಗಳ ಬಸುರಿ. ತಾಯಿಯಿಲ್ಲದ ಹುಡುಗಿಯಾದ್ದರಿಂದ ಹೆರಿಗೆಯೂ ನಮ್ಮಲ್ಲೇ. ಹೊತ್ತಿಗೆ ಒಂದು ರೊಟ್ಟಿ, ಅಷ್ಟೇ ಆಕೆಗೆ.

ಅಕ್ಕೋರು ಬರುವ ಮುಂಚೆ ಅತ್ತೆ ನನ್ನನ್ನು ಕರೆದು, "ನಮ್ಮ ಮನಿ ಸೊಸಿ ಉಪಾಸ ಅದಾಳ ಅಂತ ಪುಸ್ತಕದಾಗ ಬರಸ್ತೀ ಏನು? ಮೂರು ದಿನ ಮೂರ್ಮೂರು ಹಾಕು. ಅಕ್ಕೋರು ಅತ್ತಾಗ ಹೋದ ಕೂಡ್ಲೆ ಎರಡು ತೆಗಿ" ಎಂದಿದ್ದರು.

ಹಾಗೇ ಮಾಡಿದೆ. ಗಂಡಸರು ತಾಟಿನಲ್ಲಿ ಬಿಟ್ಟದ್ದನ್ನು ತೂಗಲು ಅಕ್ಕೋರು ಪಡಸಾಲೆಗೆ ಹೋಗುತ್ತಲೂ ನೆಗೆಣ್ಣಿಯ ತಾಟಿನಿಂದ ಎರಡು ರೊಟ್ಟಿ ಬುಟ್ಟಿಗೆ ವಾಪಸು. ಎರಡನೆಯ ದಿನ ಆಕೆ ಒಂದನ್ನು ಹಿಡಿದುಕೊಂಡಳು. "ಅಕ್ಕಾ, ಇದೊಂದು ಅರ್ಧಾರ ಇರಲಿ" ಎಂದಳು ಮೆಲ್ಲಗೆ. "ನಿನ್ನ ಛಲೋಕ್ಕ ಹೇಳಾಕತ್ತೀನಿ ಬಿಡು" ಎಂದು ಬೆರಳು ಬಿಡಿಸಿ ತೆಗೆದುಕೊಂಡೆ.

ಮೂರನೆಯ ದಿನ ಅಕ್ಕೋರು ನನ್ನೊಬ್ಬಳನ್ನೇ ಹಿತ್ತಲಿಗೆ ಕರೆದರು.

"ತಂಗಿ, ಕಡಿಮಿ ಉಣ್ಣೂ ಬಸುರ್ಯಾರ ಹೆಸರು ಒಂದು ಪಟ್ಟಿ ಮಾಡಿ ಸರಕಾರಿ ದವಾಖಾನಿ ಡಾಕ್ಟರಬಾಯಿಗೆ ಕೊಡಾಕತ್ತೀನಿ. ಅವರು ಗುಳಿಗಿ ಕೊಡ್ತಾರ, ತಿಂಗಳಿಗೊಮ್ಮಿ ಬಂದು ನೋಡ್ತಾರ. ಈಕಿ ಮಾರಿ ನೋಡಿದ್ರ ಬಿಳಚಿಕೊಂಡೈತಿ. ತಕ್ಕಡಿ ನೋಡಿದ್ರ ಮೂರು ರೊಟ್ಟಿ ಅಂತತಿ. ಖರೇ ಹೇಳು, ದಿನಾ ಇಷ್ಟು ಉಣತಾಳೇನು?"

ಬೆಳಿಗ್ಗೆಯಷ್ಟೇ ಪೂಜೆ ಮಾಡಿ ಕೊರಳಿಗೆ ಕಟ್ಟಿಕೊಂಡಿದ್ದ ಲಿಂಗವನ್ನು ಮುಟ್ಟಿದೆ. "ಲಿಂಗದಾಣಿ ಐತ್ರಿ ಅಕ್ಕೋರ. ದಿನಾ ಇಷ್ಟು ಉಣತಾಳ."

"ಹಂಗಾರ ಮುಗೀತು" ಎಂದು ಬರೆದುಕೊಂಡರು.

ಹೆರಿಗೆ ಹಗುರವಾಗಿ ಆಯಿತು. ಅತ್ತೆ ಒಂದು ಹೊತ್ತು ಸಂತೋಷಪಟ್ಟರು. ಕೂಸಿಗೆ ಅಳುವ ಕಸುವಿರಲಿಲ್ಲ, ಹಾಲು ಚೀಪುವ ಕಸುವೂ ಇರಲಿಲ್ಲ. ನಾಲ್ಕನೆಯ ದಿನ ಕೂಸು ತೀರಿಹೋಯಿತು. ನೆಗೆಣ್ಣಿ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ, ಆಮೇಲೆ ಎದ್ದಳು. ಆಕೆಯನ್ನಾದರೂ ಉಳಿಸಿಕೊಟ್ಟನಲ್ಲ ಎಂದು ಶಿವನಿಗೆ ಇಂದಿಗೂ ಕೈಮುಗಿಯುತ್ತೇನೆ. ಕೈಮುಗಿಯುವಾಗ ಲಿಂಗದ ಮುಖ ನೋಡಲು ನಾಚಿಕೆ.

ಸುಗ್ಗಿ ಮುಗಿದ ಮೇಲೆ ಅಕ್ಕೋರು ಮತ್ತೆ ಬಂದರು. ಕೂಸಿನ ಸುದ್ದಿ ಕೇಳಿ ಕಟ್ಟೆಯ ಮೇಲೆ ಕುಸಿದು ಕುಳಿತು ತೂಕ ಬರೆದ ವಹಿ ತೆರೆದರು. "ಇಷ್ಟು ಉಂಡಾಕಿ ಕೂಸು ಹಿಂಗ್ಯಾಕಾತು? ನನ್ನ ತಕ್ಕಡಿ ಎಲ್ಲೋ ಸುಳ್ಳು ಹೇಳೇತಿ" ಎಂದು ತಕ್ಕಡಿ ತೆಗೆದು ತೂಕದ ಕಲ್ಲುಗಳನ್ನು ಆ ಪರಡಿಯಿಂದ ಈ ಪರಡಿಗೆ ಬದಲಿಸಿ ಬದಲಿಸಿ ನೋಡಿದರು. ಮುಳ್ಳು ನೆಟ್ಟಗೇ ನಿಲ್ಲುತ್ತಿತ್ತು. ಅವರು ನಂಬದೆ ಮತ್ತೆ ಇಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ಹೋಗಿ ಅವರ ಕೈ ಹಿಡಿದೆ.

"ತಕ್ಕಡಿ ಸುಳ್ಳು ಹೇಳಿಲ್ರಿ ಅಕ್ಕೋರ. ಹೇಳಿದಾಕಿ ನಾನು."

ಎಲ್ಲ ಕೇಳಿದರು. ಬೈಯಲಿಲ್ಲ. ನಮ್ಮ ಮನೆಯ ಹಾಳೆಯ ಮೇಲೆ ಅಡ್ಡಗೀಟು ಎಳೆದರು. "ನೀ ಒಬ್ಬಾಕಿನ ಹಿಂಗ ಮಾಡಿರಾಕಿಲ್ಲ" ಎಂದು ಮುಂದಿನ ಹಾಳೆಗೂ ಎಳೆದರು, ಅದರ ಮುಂದಿನದಕ್ಕೂ. ಊರಿನ ಇಡೀ ವಹಿ ಹಾಗೆ ಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಮೂರು ದಿನವಲ್ಲ, ಪ್ರತಿ ಮನೆಯವರೂ ಮುಚ್ಚಿಟ್ಟು ಮುಚ್ಚಿಟ್ಟು ಬೇಸತ್ತು ದಿನನಿತ್ಯದ ಊಟವನ್ನೇ ಉಣ್ಣುವತನಕ ಕುಳಿತರು. ಅವರ ಓದು ಒಂದು ವರ್ಷ ಹಿಂದೆ ಬಿತ್ತು.

ಆ ದಿನ ಎದ್ದು ಹೊರಡುವಾಗ ಒಂದೇ ಮಾತು ಹೇಳಿದರು. "ನನಗ ಹೇಳಿದಿ, ಛಲೋ ಆತು. ಆದರ ಪಟ್ಟ್ಯಾಗ ತಪ್ಪಿದ್ದು ನನ್ನ ಹೆಸರಲ್ಲ, ನಿನ್ನ ನೆಗೆಣ್ಣಿದು. ಆಕಿಗೆ ಹೇಳು."

"ಹೇಳ್ತೀನ್ರಿ" ಎಂದೆ. ಅದು ಎರಡನೆಯ ಸುಳ್ಳು.

ರೊಟ್ಟಿ ತೆಗೆದದ್ದು ನೆಗೆಣ್ಣಿಗೆ ಗೊತ್ತು. ಡಾಕ್ಟರಬಾಯಿಯ ಪಟ್ಟಿ ಗೊತ್ತಿಲ್ಲ, ನನ್ನ ಆಣೆ ಗೊತ್ತಿಲ್ಲ. ಮುಂದಿನ ಎರಡು ಬಸುರಿನಲ್ಲಿ ಆಕೆಯನ್ನು ನನ್ನ ಪಕ್ಕ ಕೂರಿಸಿಕೊಂಡು, ಸಾಕೆಂದರೂ ಬಿಡದೆ ಉಣಿಸಿದೆ. ಅತ್ತೆ ನೋಡಿಯೂ ನೋಡದಂತಿದ್ದರು. ದೇವರ ದಯೆ, ಎರಡು ಹೆಣ್ಣುಮಕ್ಕಳು ಗುಂಡುಗುಂಡಾಗಿವೆ. "ನಮ್ಮಕ್ಕ ನನಗ ತಾಯಿ ಆಗ್ಯಾಳ" ಎಂದು ಆಕೆ ಓಣಿಯಲ್ಲಿ ಹೇಳಿಕೊಂಡು ಬರುತ್ತಾಳೆ. ನಾನು ಕೇಳಿಸಿಕೊಂಡು ಒಳಗೆ ಹೋಗುತ್ತೇನೆ.

ಹೋದ ತಿಂಗಳು ಅದೇ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಒಲೆಯ ಹೊಗೆಯ ಮೇಲೆ ಸಂಶೋಧನೆಗೆಂದು ಬಂದಳು. ಅಕ್ಕೋರು ಎರಡು ವರ್ಷ ಕಾಯಿಲೆ ಬಿದ್ದು ತೀರಿಕೊಂಡರೆಂದು ಆಕೆಯಿಂದಲೇ ತಿಳಿಯಿತು. ನೆಗೆಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆವಾಗ ಈ ಮನ್ಯಾಗ ನನ್ನ ಮಾರಿ ನೋಡಿದಾಕಿ ಆಕಿ ಒಬ್ಬಾಕಿನ ಅಕ್ಕಾ" ಎಂದಳು.

ಆಗಲೂ ನನಗೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಇದನ್ನು ಬರೆದೆ. ಆಕೆಗೆ ಓದು ಬಾರದು. ಓದಿ ಹೇಳಬೇಕಾದವಳು ನಾನೇ. ಇವತ್ತಿನ ಪೂಜೆ ಮುಗಿದಿದೆ. ಆಕೆ ಪಡಸಾಲೆಯಲ್ಲಿ ಒಬ್ಬಳೇ ಕುಳಿತು ಜೋಳ ಹಸನು ಮಾಡುತ್ತಿದ್ದಾಳೆ.