ಕಪ್ಪು ಪರದೆಯ ಹಿಂದಿನ ಅರವತ್ತು ಪುಟ

ಆ ದಿನ ಟಿಕೋಟಾದ ಶೆಡ್ಡಿನಲ್ಲಿ ನಡೆದದ್ದು ಹೀಗೆಯೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಕಂಪ್ಯೂಟರಿನ ಪರದೆ ಕಪ್ಪಾಗಿತ್ತು, ಮಧ್ಯಾಹ್ನ ಒಂದು ಗಂಟೆಗೆ ಕರೆಂಟು ಹೋಗುವುದಿತ್ತು. ಇಷ್ಟರ ಬಗ್ಗೆ ಅಲ್ಲಿದ್ದ ಮೂವರಲ್ಲೂ ತಕರಾರಿಲ್ಲ. ಉಳಿದದ್ದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಪರದೆಗೆ ಎಚ್ಚರವಾದದ್ದು ತಾನು ಅದರ ತಲೆಗೆ ಕೊಟ್ಟ ಏಟಿನಿಂದ ಎಂದು ನನ್ನ ಗೆಳೆಯ ಈಗಲೂ ಹೇಳುತ್ತಾನೆ. ಅವನ ತಂಗಿಯನ್ನು ಕೇಳಿದರೆ ನಕ್ಕು ಬೇರೆ ಮಾತು ತೆಗೆಯುತ್ತಾಳೆ. ನಾನಂತೂ ಬಹಳ ದಿನ ಅದು ನನ್ನ ವಿದ್ಯೆಯ ಫಲವೆಂದು ಹೇಳಿಕೊಂಡು ತಿರುಗಿದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ಬಂದ ಮೇಲೆ ಅಂಟಿದ ಚಟ ನನಗೊಂದಿದೆ: ಪುರಾವೆ ಇಲ್ಲದೆ ಯಾರ ನೆನಪನ್ನೂ ನಂಬುವುದಿಲ್ಲ. ಆ ‘ಯಾರ’ದಲ್ಲಿ ನಾನೂ ಸೇರುತ್ತೇನೆ ಎಂಬುದು ತಡವಾಗಿ ಹೊಳೆಯಿತು.

ನಾನು ಬಬಲೇಶ್ವರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹತ್ತೂವರೆಯ ಹೊತ್ತಿಗೆ, ಒಂದು ಕ್ಲಾಸು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಗೆಳೆಯನ ಫೋನು ಬಂತು.

“ಮಾಸ್ತರ, ಲಗೂ ಬಾ. ಶೆಡ್ಡಿನ ಕಂಪ್ಯೂಟರ್ ಮಲಗೇತಿ. ಏಳವಲ್ದು.”

“ಬಂದ್ ಮಾಡಿ ಚಾಲೂ ಮಾಡು.”

“ಅದನ್ನ ಬಂದ್ ಮಾಡಿದ್ರ ನನ್ನ ತಂಗಿ ನನ್ನ ಬಂದ್ ಮಾಡ್ತಾಳ.”

ಹಿಂದಿನಿಂದ ಅವನ ತಂಗಿಯ ದನಿ ಕೇಳಿತು. ಮಾತು ತಿಳಿಯಲಿಲ್ಲ. ಆದರೆ ಆ ದನಿ ಕೇಳಿ ನಾನು ಮುಂದಿನ ಕ್ಲಾಸು ಬಿಟ್ಟು ಬೈಕು ತೆಗೆದೆ.

ಗೆಳೆಯನದು ಒಣದ್ರಾಕ್ಷಿಯ ಶೆಡ್ಡು, ಟಿಕೋಟಾದಿಂದ ಹೊನವಾಡದ ಕಡೆ ಹೋಗುವ ದಾರಿಯಲ್ಲಿದೆ. ಡಬ್ಬಿಗಳ ಚೀಟಿ ಮುದ್ರಿಸಲು ಅಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟಿದ್ದ. ಅವನ ತಂಗಿ ಮನೆಯಲ್ಲಿ ಎರಡು ಮಕ್ಕಳ ಗದ್ದಲ ತಾಳದೆ ಆ ಸಣ್ಣ ಕೋಣೆಗೆ ಬಂದು ಕೂತು ತನ್ನ ಎಂ.ಎ. ಕಿರುಪ್ರಬಂಧ ಟೈಪು ಮಾಡುತ್ತಿದ್ದಳು. ದೂರಶಿಕ್ಷಣದ ಎಂ.ಎ., ಸಮಾಜಶಾಸ್ತ್ರ. ವಿಷಯವೂ ಆ ಶೆಡ್ಡೇ: ದ್ರಾಕ್ಷಿ ಆರಿಸುವ ಹೆಂಗಸರ ದಿನಚರಿ. ಅರವತ್ತು ಪುಟವಾಗಿತ್ತು. ಅಂದು ಸಂಜೆ ಐದರೊಳಗೆ ವಿಜಯಪುರದ ಅಧ್ಯಯನ ಕೇಂದ್ರಕ್ಕೆ ಅದನ್ನು ಬೈಂಡು ಮಾಡಿಸಿ ಕೊಡಬೇಕಿತ್ತು. ಹಿಂದೆ ಎರಡು ಸಲ ಅವಳಿಗೆ ತಪ್ಪಿಹೋಗಿತ್ತು, ಒಮ್ಮೆ ಬಾಣಂತನ, ಒಮ್ಮೆ ಅತ್ತೆಯ ಆಪರೇಷನ್ನು. ಈ ಸಲವೂ ತಪ್ಪಿದರೆ ನೋಂದಣಿಯ ಅವಧಿಯೇ ಮುಗಿದು, ಪಾಸಾದ ಪೇಪರುಗಳೂ ಕೈಬಿಟ್ಟು, ಮೊದಲಿನಿಂದ ಓದಬೇಕಿತ್ತು. ಮತ್ತೆ ಮೊದಲಿನಿಂದ ಓದಲು ಮನೆಯಲ್ಲಿ ಬಿಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಕಂಪ್ಯೂಟರನ್ನು ಬಂದ್ ಮಾಡುವ ಪದ್ಧತಿಯೇ ಅಲ್ಲಿರಲಿಲ್ಲ. ಒಮ್ಮೆ ಬಂದ್ ಮಾಡಿದರೆ ಶುರುವಾಗಲು ಅರ್ಧ ತಾಸು ತಿನ್ನುತ್ತದೆ ಎಂದು ಎಲ್ಲರೂ ಅದನ್ನು ಮಲಗಿಸಿ ಹೋಗುತ್ತಿದ್ದರು. ಕರೆಂಟು ಹೋಗಿ ಬಂದರೂ ಯುಪಿಎಸ್ಸು ಹತ್ತು ನಿಮಿಷ ತಡೆಯುತ್ತಿತ್ತು. ಹೀಗಾಗಿ ಅವಳ ಕಡತ ಹನ್ನೊಂದು ದಿನದಿಂದ ತೆರೆದೇ ಇತ್ತು. ಕೊನೆಯದಾಗಿ ಸೇವ್ ಮಾಡಿದ್ದು ಯಾವಾಗ ಎಂದರೆ “ನಾಕ ದಿನದ ಹಿಂದ ಇರಬೇಕ್ರಿ” ಅನ್ನುತ್ತಿದ್ದಳು. ಅಂದರೆ ಸುಮಾರು ಮೂವತ್ತು ಪುಟ ಬರೀ ಆ ಯಂತ್ರದ ನೆನಪಿನಲ್ಲಿದ್ದವು. ಅಂದೇ ಲೈನು ದುರಸ್ತಿಗೆಂದು ಮಧ್ಯಾಹ್ನ ಒಂದರಿಂದ ಸಂಜೆತನಕ ಕರೆಂಟು ತೆಗೆಯುವುದಾಗಿ ತಿಳಿಸಿದ್ದರು.

ನಾನು ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಗೆಳೆಯ ಬಾಗಿಲಲ್ಲಿ ಒಬ್ಬ ಡ್ರೈವರನ ಜೊತೆ ಮಾತಾಡುತ್ತಿದ್ದ, ತಂಗಿ ಕೋಣೆಯಲ್ಲಿರಲಿಲ್ಲ. ಬಿಸಿಲಲ್ಲಿ ಬಂದಿದ್ದೆ, ತಲೆ ಕಾದಿತ್ತು. ಕುರ್ಚಿ ಎಳೆದುಕೊಂಡು ಕೂತು, ಎಲ್ಲರೂ ಮಾಡುವುದನ್ನೇ ಮಾಡಿದೆ. ಮೌಸು ಅಲ್ಲಾಡಿಸಿದೆ. ಎಂಟರ್ ಒತ್ತಿದೆ. ಪರದೆ ಏಳಲಿಲ್ಲ.

“ಅಣ್ಣಾ! ಕೈ ತಗೀರಿ!”

ತಂಗಿ ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಯಾಕ ಬೇ? ಏನಾತು?”

“ಅದು ಮಲಗೂಕಿಂತ ಮೊದಲ ಅಕ್ಷರ ದೊಡ್ಡವು ಮಾಡೂಣು ಅಂತ ಎಲ್ಲಾ ಸೆಲೆಕ್ಟ್ ಮಾಡಿದ್ದೆ. ಅರವತ್ತೂ ಪುಟ. ಅಷ್ಟರಾಗ ಗೇಟಿನ ಕಡೆ ಕರದ್ರು. ಆಮ್ಯಾಲೆ ಅದನ್ನ ಬಿಡಿಸಿದ್ನೋ ಇಲ್ಲೋ ನನಗ ನೆನಪಿಲ್ರಿ. ಬಂದು ನೋಡಿದ್ರ ಕರ್ರಗ ಆಗಿತ್ತು.”

ಎಲ್ಲವನ್ನೂ ಆರಿಸಿಟ್ಟಿದ್ದಾಗ ಎಂಟರ್ ಒತ್ತಿದರೆ ಎಲ್ಲವೂ ಅಳಿಸಿ, ಆ ಜಾಗದಲ್ಲಿ ಒಂದು ಖಾಲಿ ಸಾಲು ಉಳಿಯುತ್ತದೆ. ಯಂತ್ರ ಮಲಗಿಯೇ ಇದ್ದರೆ ಚಿಂತೆಯಿರಲಿಲ್ಲ. ಕ್ಯಾಪ್ಸ್ ಲಾಕ್ ಒತ್ತಿ ನೋಡಿದೆ. ಕೀಲಿಮಣೆಯ ಮೂಲೆಯಲ್ಲಿ ಸಣ್ಣ ದೀಪ ಹತ್ತಿತು. ಮತ್ತೆ ಒತ್ತಿದೆ, ಆರಿತು. ಒಳಗೆ ಫ್ಯಾನು ತಿರುಗುವ ಸದ್ದೂ ಇತ್ತು. ಯಂತ್ರ ಎಚ್ಚರವಾಗಿಯೇ ಇತ್ತು. ನಾನು ಒತ್ತಿದ್ದನ್ನೆಲ್ಲ ಅದು ಸ್ವೀಕರಿಸಿತ್ತು. ಎಚ್ಚರವಾಗದೆ ಇದ್ದದ್ದು ಪರದೆ ಒಂದೇ. ಅದರ ಗುಂಡಿ ಒತ್ತಿದರೆ ‘ಸಿಗ್ನಲ್ ಇಲ್ಲ’ ಎಂದು ಎರಡು ಕ್ಷಣ ತೋರಿಸಿ ಮತ್ತೆ ಕಪ್ಪಾಗುತ್ತಿತ್ತು.

“ಎಷ್ಟ ಸಲ ಒತ್ತೀರಿ?” ಅವಳು ಕೇಳಿದಳು.

“ಒಂದ ಸಲ.”

“ಖರೇನ?”

“ಒಂದ ಸಲ ಬೇ.”

ಅವಳು ಬೇಗ ಯೋಚಿಸಿದಳು. ನನಗಿಂತ ಬೇಗ. “ಹಂಗಾದ್ರ ಚಲೋ ಆತು. ಕಾಣದಿದ್ರೂ ನಡೀತೈತಿ. ಒಂದ ಸಲ ಅನ್‌ಡೂ ಒತ್ತೂಣು. ಅಳಿಸಿದ್ರ ತಿರುಗಿ ಬರ್ತೈತಿ, ಅಳಿಸದಿದ್ರ ಆ ಒಂದ ಖಾಲಿ ಸಾಲು ಹೋಗ್ತೈತಿ. ಆಮ್ಯಾಲೆ ಸೇವ್. ಮುಗೀತು.”

ಲೆಕ್ಕ ಸರಿಯಾಗಿತ್ತು. ಒಂದೇ ಸಲ ಒತ್ತಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಆದರೆ ಎರಡೋ ಮೂರೋ ಸಲ ಒತ್ತಿದ್ದರೆ? ಒಂದು ಅನ್‌ಡೂ ಸಾಲುವುದಿಲ್ಲ. ಅದರ ಮೇಲೆ ಸೇವ್ ಮಾಡಿದರೆ ನಾಲ್ಕು ದಿನದ ಹಿಂದಿನ ಪ್ರತಿಯ ಮೇಲೂ ಖಾಲಿ ಪುಟ ಕೂತು, ಒಂದು ಗಂಟೆಗೆ ಕರೆಂಟು ಹೋದಾಗ ಎಲ್ಲವೂ ಮುಗಿಯುತ್ತಿತ್ತು. ಲೆಕ್ಕ ಮೀರಿ ಅನ್‌ಡೂ ಒತ್ತುತ್ತ ಹೋದರೆ ಅವಳ ಟೈಪಿಂಗೇ ಹಿಂದಕ್ಕೆ ಅಳಿಸುತ್ತ ಹೋಗುತ್ತದೆ.

“ತಡಿ,” ಅಂದೆ.

“ಯಾಕ?”

ಒಂದೇ ಸಲ ಎಂದು ಹೇಳಿಯಾಗಿತ್ತು. ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಕೀಲಿಮಣೆಯನ್ನು ಎತ್ತಿ ಗೋಡೆಯ ಕಪಾಟಿನ ಮೇಲಿಟ್ಟಳು. ಇನ್ನು ಯಾರೂ ಮುಟ್ಟುವಂತಿಲ್ಲ. ಮೊದಲು ಪರದೆ ಕಾಣಬೇಕು, ಆಮೇಲೆ ಉಳಿದದ್ದು. ತಾನಾಗಿಯೇ ಉಳಿಸಿಕೊಳ್ಳುವ ಸೌಕರ್ಯ ಈ ತಂತ್ರಾಂಶದಲ್ಲಿ ಇರಬಹುದು ಎಂದು ನಾನು ಅಂದೆ. ‘ಇರಬಹುದು’ ಎಂಬ ಮಾತಿಗೆ ಅವಳು ತಿರುಗಿಯೂ ನೋಡಲಿಲ್ಲ.

ಗೆಳೆಯ ಒಳಗೆ ಬಂದವನು ವಿಷಯ ತಿಳಿದು, ಟಿಕೋಟಾದ ಪರಿಚಯದ ಫೋಟೋ ಸ್ಟುಡಿಯೋದಿಂದ ಬೇರೆ ಮಾನಿಟರ್ ತರುತ್ತೇನೆಂದು ಗಾಡಿ ಹೊಡೆದುಕೊಂಡು ಹೋದ. ಕಾಯುತ್ತಾ ಕೂತೆವು. ಹೊರಗೆ ತಾಡಪತ್ರಿಯ ನೆರಳಲ್ಲಿ ಹೆಂಗಸರು ದ್ರಾಕ್ಷಿ ಆರಿಸುತ್ತಿದ್ದರು. ಅವರಲ್ಲೊಬ್ಬ ಮುದುಕಿ ಕುಂತಲ್ಲಿಂದಲೇ ಕೂಗಿದಳು: “ಏನ್ರಿ ಸರ, ಇನ್ನೂ ಎದ್ದಿಲ್ಲೇನ? ನಮ್ಮ ಮನ್ಯಾಗ ಒಬ್ಬಾತ ಹಿಂಗ ಮಲಗತಿದ್ದ. ಒಂದ ಚರಿಗಿ ನೀರ ಹೊಡದ್ರ ನೆಟ್ಟಗ ಆಗತಿದ್ದ.” ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಗೋಡೆಯ ಗಡಿಯಾರದ ಕೆಳಗೆ, ಅದಕ್ಕೆ ಬೆನ್ನು ಮಾಡಿ ನಿಂತಿದ್ದಳು.

ಹನ್ನೆರಡೂ ಇಪ್ಪತ್ತೈದಕ್ಕೆ ಗೆಳೆಯ ಮಾನಿಟರನ್ನು ಕೂಸಿನಂತೆ ತಬ್ಬಿಕೊಂಡು ಬಂದ.

“ಇದರ ಕೇಬಲ್ಲು?” ಅಂದೆ.

“ನೀ ಮಾನಿಟರ್ ಅಂದಿ, ಮಾನಿಟರ್ ತಂದೀನಿ. ಕೇಬಲ್ ಅಂದಿದ್ರ ಕೇಬಲ್ ತರ್ತಿದ್ದೆ. ಸ್ಟುಡಿಯೋ ಕೀಲಿ ಹಾಕ್ಕೊಂಡು ಅಂವಾ ಲಗ್ನದ ವಿಡಿಯೋಕ್ಕ ಹೋದ.”

ಹಳೇ ಕೇಬಲ್ಲನ್ನೇ ಹೊಸ ಮಾನಿಟರಿಗೆ ಸಿಕ್ಕಿಸಿದೆ. ಅದೂ ಅದೇ ಮಾತು ತೋರಿಸಿ ಕಪ್ಪಾಯಿತು. ಅಂದರೆ ದೋಷ ಪರದೆಯಲ್ಲಿಲ್ಲ. ಒಂದೋ ಕೇಬಲ್ಲಿನಲ್ಲಿ, ಇಲ್ಲವೇ ಯಂತ್ರದ ಒಳಗೆ. ಯಂತ್ರದ ಒಳಗಾದರೆ ಆಸೆ ಬಿಡಬೇಕು. ಕೇಬಲ್ಲಾದರೆ ಇನ್ನೊಂದು ಸಿಗುವುದು ವಿಜಯಪುರದಲ್ಲಿ, ಹೋಗಿ ಬರಲು ಸಮಯವಿಲ್ಲ.

ಮುಂದಿನ ಮಾತು ಯಾರದು ಎನ್ನುವುದೇ ನನ್ನ ತೊಡಕು. ವರ್ಷಗಟ್ಟಲೆ ಅದು ನನ್ನದೆಂದೇ ನನಗೆ ನೆನಪಿತ್ತು. ಈಗ ಕಣ್ಣು ಮುಚ್ಚಿದರೆ ಮಾತು ಅವಳ ದನಿಯಲ್ಲೇ ಕೇಳುತ್ತದೆ.

“ಅಣ್ಣಾ, ಇಲ್ಲಿ ದುಡಿಯಾಕ ಬರೂ ಹೆಣ್ಮಕ್ಕಳು ಕಾಲಚೈನ ಮನ್ಯಾಗ ತಗದಿಟ್ಟ ಬರ್ತಾರ. ಮಣೂಕಕ್ಕ ಗಂಧಕದ ಹೊಗಿ ಕೊಡ್ತಾರಲ್ಲ, ಅದಕ್ಕ ಬೆಳ್ಳಿ ಎರಡ ದಿನದಾಗ ಕರ್ರಗಾಗತೈತಿ. ಈ ವಾಯರಿನ ತುದೀಗೆ ಏನ ಹಾಕಿರ್ತಾರ? ಅದಕ್ಕೂ ಹೊಗಿ ಹತ್ತೂದಿಲ್ಲೇನ?”

ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹೊಂಬಣ್ಣ ಬರಲೆಂದು ಮುಚ್ಚಿದ ಜಾಗದಲ್ಲಿ ಗಂಧಕ ಸುಟ್ಟು ಹೊಗೆ ಹಾಯಿಸುತ್ತಾರೆ. ಆ ಹೊಗೆಯ ಮನೆ ಈ ಕೋಣೆಯ ಗೋಡೆಗೆ ಹತ್ತಿಕೊಂಡೇ ಇತ್ತು. ನಾನು ಒಳಗೆ ಬರುವಾಗಲೇ ಮೂಗಿಗೆ ಹೊಡೆದಿತ್ತು. ಗಂಧಕದ ಹೊಗೆ ಲೋಹಕ್ಕೆ ಏನು ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು, ಮೂಗಿನ ಮುಂದಿನದನ್ನು ಸೇರಿಸಿ ನೋಡಿರಲಿಲ್ಲ.

ಯಂತ್ರದ ಹಿಂದಿನ ಕೇಬಲ್ಲಿನ ತಿರುಪು ಬಿಚ್ಚಿ ಕಿತ್ತೆ. ಮೂರು ಸಾಲಿನಲ್ಲಿ ಸೂಜಿಯಂಥ ಮುಳ್ಳುಗಳು. ಅಗ್ಗದ ಮಾಲು. ಹೊಳೆಯಬೇಕಾದ ಮುಳ್ಳುಗಳು ಹೊಗೆ ಹಿಡಿದ ಪಾತ್ರೆಯ ಬಣ್ಣಕ್ಕೆ ತಿರುಗಿದ್ದವು. ಅವಳು ದುಪಟ್ಟಾದ ಸೇಫ್ಟಿ ಪಿನ್ನು ಬಿಚ್ಚಿಕೊಟ್ಟಳು. ಒಂದೊಂದೇ ಮುಳ್ಳನ್ನು ಕೆರೆಯುತ್ತಾ ಹೋದೆ. ಒಂದು ಮುರಿದರೂ ಕತೆ ಮುಗಿಯಿತು.

“ಲೇ ಮಾಸ್ತರ, ಅದೇನ ಮೂಗುತಿ ಹರಳ ಕೂಡಸಾಕತ್ತೀ ಏನ? ಹನ್ನೆರಡೂ ಮುಕ್ಕಾಲಾತು,” ಅಂದ ಗೆಳೆಯ.

“ಭಾಯ್, ನೀ ಸುಮ್ಮ ನಿಂದ್ರ,” ಅಂದಳು ತಂಗಿ.

ಕೇಬಲ್ಲನ್ನು ಒತ್ತಿ ಕೂಡಿಸಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಅದೇ ಹೊತ್ತಿಗೆ ಗೆಳೆಯ ತಾಳ್ಮೆಗೆಟ್ಟು ಮಾನಿಟರಿನ ತಲೆಗೆ ಫಟ್ಟನೆ ಹೊಡೆದ. ಪರದೆ ಬೆಳಗಿತು. ಕೆರೆದದ್ದಕ್ಕೋ, ಒತ್ತಿದ್ದಕ್ಕೋ, ಹೊಡೆದದ್ದಕ್ಕೋ ಗೊತ್ತಿಲ್ಲ. ಒಂದೊಂದನ್ನೇ ಬೇರೆ ಮಾಡಿ ನೋಡುವ ಪುರುಸೊತ್ತು ಅಂದು ಇರಲಿಲ್ಲ.

ಮೊದಲು ಬರೀ ಬಿಳಿ ಕಂಡಿತು. ಅವಳು ಕುರ್ಚಿಯ ಬೆನ್ನು ಹಿಡಿದು ಪರದೆಯತ್ತ ಬಾಗಿದಳು. ಆಮೇಲೆ ಆ ಬಿಳಿಯ ಮೇಲ್ತುದಿಯಲ್ಲಿ, ಕೆಳತುದಿಯಲ್ಲಿ ಸಾಲುಗಳು ಕಂಡವು. ಮೂಲೆಯಲ್ಲಿ ಪುಟಗಳ ಸಂಖ್ಯೆ ಅರವತ್ತೇ ಇತ್ತು; ಆರಿಸಿದ್ದನ್ನು ಅವಳು ಬಿಡಿಸಿಯೇ ಹೋಗಿದ್ದಳು. ಅವಳು ಕೀಲಿಮಣೆ ಇಳಿಸಿಕೊಂಡು, ನನ್ನನ್ನು ಮೊಣಕೈಯಿಂದ ಸರಿಸಿ ಸೇವ್ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಪೆನ್‌ಡ್ರೈವಿಗೆ ಹಾಕಿಕೊಂಡಳು. ಅದನ್ನು ಕೀಳುವಾಗ ಯುಪಿಎಸ್ಸು ಕೂಗತೊಡಗಿತ್ತು. ಹೊರಗೆ ಫ್ಯಾನುಗಳು ನಿಂತವು.

ಮೂವರೂ ಗೆಳೆಯನ ಗಾಡಿಯಲ್ಲಿ ವಿಜಯಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಅವಳು ಪೆನ್‌ಡ್ರೈವನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ಸೊಲ್ಲಾಪುರ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ಮುದ್ರಿಸಿ ಬೈಂಡು ಮಾಡಿಸುವಷ್ಟರಲ್ಲಿ ನಾಲ್ಕು ದಾಟಿತ್ತು. ಯಾವ ಪುಟ ಹೇಗೆ ಬಂದಿದೆ ಎಂದು ತಿರುವಿ ನೋಡಲು ಯಾರಿಗೂ ವ್ಯವಧಾನವಿರಲಿಲ್ಲ. ಬೈಂಡಿನ ಗೋಂದು ಒಣಗುವ ಮುಂಚೆ ಕೇಂದ್ರದಲ್ಲಿ ಕೊಟ್ಟು ಸಹಿ ಹಾಕಿದಳು. ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು ಎಂದು ನನ್ನ ನೆನಪು. ಐದೇ ನಿಮಿಷ ಅನ್ನುತ್ತಾನೆ ಗೆಳೆಯ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವಳು ಚಪ್ಪಲಿ ಬಿಟ್ಟು, ಎರಡೂ ಕಾಲು ಮುಂದೆ ಚಾಚಿ, “ಅಣ್ಣಾ, ಒಂದ ಕಪ್ ಚಾ ಕುಡಸ್ರಿ,” ಅಂದಳು.

ಅವಳು ಪಾಸಾದಳು. ಈಗ ಇಟ್ಟಂಗಿಹಾಳದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಾಳೆ. ಈ ಬರಹಕ್ಕೆಂದು ಮೊನ್ನೆ ಅವಳ ಮನೆಗೆ ಹೋಗಿ ಆ ಕಿರುಪ್ರಬಂಧದ ಅವಳ ಪ್ರತಿ ಕೇಳಿ ತಂದೆ. ಬೆಳ್ಳಿಯ ಮಾತು ಅದರಲ್ಲಿದ್ದರೆ ಅಂದು ಅದನ್ನು ಆಡಿದ್ದು ಅವಳೇ ಎಂದು ಒಪ್ಪಿಕೊಳ್ಳುವುದು ಎಂದುಕೊಂಡಿದ್ದೆ. ಕಾಲಚೈನಿನ ಬಗ್ಗೆ ಅರ್ಧ ಪುಟವೇ ಇದೆ. ಆದರೂ ಅದು ಪುರಾವೆಯಾಗುವುದಿಲ್ಲ. ಅದನ್ನು ನಾನು ಆಗಲೇ ಓದಿದ್ದಿರಬಹುದು, ಓದಿ ನಾನೇ ಅಂದಿರಬಹುದು. ಪ್ರತಿ ಕೊಡುವಾಗ ಅವಳು “ನಿಧಾನಕ್ಕ ಓದ್ರಿ ಅಣ್ಣಾ, ಗಡಬಡಿ ಇಲ್ಲ,” ಅಂದಳು ಅಷ್ಟೇ.

ಖಚಿತ ಮಾಡಿಕೊಂಡದ್ದು ಒಂದೇ ಸಂಗತಿ. ಮೂವತ್ತೊಂದನೆಯ ಪುಟದಲ್ಲಿ ಒಂದು ವಾಕ್ಯ ಅರ್ಧಕ್ಕೆ ನಿಂತು, ಬಹಳ ಕೆಳಗೆ ಮುಂದುವರಿಯುತ್ತದೆ. ನಡುವಿನ ಬಿಳಿಯ ಮೇಲೆ ಅಡಿಪಟ್ಟಿ ಇಟ್ಟು, ಪಕ್ಕದ ಪುಟದ ಸಾಲುಗಳಿಗೆ ಹೊಂದಿಸಿ, ವಾಕ್ಯ ಎಷ್ಟು ಸಾಲು ಕೆಳಗಿಳಿದಿದೆ ಎಂದು ಎರಡು ಸಲ ಎಣಿಸಿದೆ. ಎಂಟರ್ ಕೀಲಿಯನ್ನು ನಾನು ಹನ್ನೊಂದು ಸಲ ಒತ್ತಿದ್ದೆ.