ಹೇಳಿ ಕಳಿಸಿದ ಮಾತು

ಇಮಾಮಸಾಬ ಸರ್ ನಮಗೆ ಇಂಗ್ಲಿಷ್ ವ್ಯಾಕರಣ ಕಲಿಸಿದ್ದು ತಮ್ಮ ಹೆಂಡತಿಯ ಬಾಯಿಂದ. ತಾವರಗೇರಾದ ಅವರ ಮನೆಯ ಪಡಸಾಲೆಯಲ್ಲಿ ನಾವು ಆರು ಹುಡುಗಿಯರು ಟ್ಯೂಷನ್ನಿಗೆ ಕೂಡುತ್ತಿದ್ದೆವು. ರಿಪೋರ್ಟೆಡ್ ಸ್ಪೀಚ್ ಬಂದರೆ ಪುಸ್ತಕ ಮುಚ್ಚಿಸುತ್ತಿದ್ದರು. ಒಬ್ಬಳನ್ನು ಅಡುಗೆಮನೆಗೆ ಕಳಿಸುವುದು. ಅಲ್ಲಿ ಸರ್ ಹೆಂಡತಿ, ನಮಗೆಲ್ಲ ಚಾಚಿ, ಅಂದದ್ದನ್ನು ಆ ಹುಡುಗಿ ಬಂದು ಇಂಗ್ಲಿಷಿನಲ್ಲಿ ಹೇಳಬೇಕು.

ಒಂದು ದಿನ ನನ್ನ ಪಾಳಿ. "ಇವತ್ತ ಏನ್ ಪಲ್ಯಾ, ಕೇಳ್ಕೊಂಡ್ ಬಾ" ಅಂದರು. ಚಾಚಿ ರೊಟ್ಟಿ ಬಡಿಯುತ್ತಲೇ, "ಎಣ್ಣಿ ತರಾಕ ಮೂರ್ ದಿನದಿಂದ ಹೇಳಾಕತ್ತೀನಿ. ತಂದ್ರ ಬದನಿಕಾಯಿ ಮಾಡ್ತೀನಿ, ಇಲ್ಲಾಂದ್ರ ಒಣಾ ಖಾರ ಹಚ್ಕೊಂಡು ತಿನ್ಲಿ ಅಂತ ಹೇಳು" ಅಂದರು. ಗುರುಗಳಿಗೆ ಇದನ್ನು ಹೆಂಗೆ ಹೇಳುವುದು? ಬಂದು, "ಶೀ ಸೆಡ್ ದಟ್ ಶೀ ವುಡ್ ಮೇಕ್ ಬದನಿಕಾಯಿ" ಅಂದೆ.

ನಡುವಿನ ಗೋಡೆ ಅಷ್ಟೇನು ದಪ್ಪ ಇರಲಿಲ್ಲ. ಸರ್ ನಕ್ಕರು. "ನಾನು ಹೋಗಿ ಆಕಿ ಆಗ್ಲಿ, ನಾಳೆ ಹೋಗಿ ಮರುದಿನ ಆಗ್ಲಿ, ಅದಕ್ಕ ವ್ಯಾಕರಣದ ಪರವಾನಗಿ ಐತಿ. ಎಣ್ಣಿ ಎಲ್ಲಿ ಹೋತು ಬೇಟಿ? ನಿನ್ನ ನಂಬಿ ನಾ ಬದನಿಕಾಯಿ ದಾರಿ ಕಾಯ್ಕೋತ ಕುಂದರ್ಲೇನು?"

"ಕುಂದರ್ಲಿ ಬಿಡು" ಅಂದರು ಒಳಗಿಂದ ಚಾಚಿ.

ನನ್ನನ್ನು ಅದೇ ಊರಿಗೆ ಕೊಟ್ಟದ್ದು ದೇವರ ಸಣ್ಣ ಉಪಕಾರ. ಸೋಮವಾರ ಗುಡಿಯಿಂದ ಬರುವಾಗ ಸರ್ ಮನೆ ಮುಂದೆ ನಿಂತು ಮಾತಾಡಿಸಿಯೇ ಬರುತ್ತಿದ್ದೆ. ಚಾಚಿ ತೀರಿದ ಮೇಲೆ ಆ ಮನೆಯಲ್ಲಿ ಮಾತೇ ಇಲ್ಲದಂತಾಯಿತು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ರೇಷ್ಮಾ, ಗಂಗಾವತಿಯಲ್ಲಿ ಗಂಡನ ಮನೆ. ತಾಯಿ ಹಾಸಿಗೆ ಹಿಡಿದಾಗ ಆಕೆ ಹಸಿ ಬಾಣಂತಿ. ಗಾಬರಿಯಾದಾಳೆಂದು ಸರ್ ದಿನಾ ಫೋನಿನಲ್ಲಿ "ಅಮ್ಮಿ ಆರಾಮ ಅದಾಳ" ಅಂದರು. ಆಕೆ ಬಂದದ್ದು ತಾಯಿ ಮಣ್ಣಾದ ಮೇಲೆ. ಅಂದಿನಿಂದ ಅಪ್ಪನ ಫೋನ್ ಎತ್ತಲಿಲ್ಲ.

ಹೋದ ವರ್ಷ ಸರ್‌ಗೆ ಎದೆನೋವು ಸುರುವಾಯಿತು. ನಾನು ಗಂಗಾವತಿಗೆ ತಂಗಿಯ ಮನೆಗೆ ಹೊರಟದ್ದು ತಿಳಿದು, "ರೇಷ್ಮಾಗ ಹೇಳು. ಸುಳ್ಳ ಹೇಳಿದ್ದು ನಂದ ತಪ್ಪು. ಒಮ್ಮಿ ಬಂದು ಹೋಗು. ಇಷ್ಟ" ಅಂದರು. ನನ್ನಿಂದ ಎರಡು ಸಲ ಹೇಳಿಸಿ ನೋಡಿದರು.

ಹೇಳಿದಷ್ಟನ್ನೇ ಹೇಳಿದೆ. ರೇಷ್ಮಾ ಕೂಸಿನ ಅಂಗಿಗಳನ್ನು ಒಂದೊಂದಾಗಿ ಮಡಚಿಟ್ಟಳು. ಆಮೇಲೆ, "ಬರೂದಿಲ್ಲಂತ ಹೇಳ್ರಿ ಅಕ್ಕಾ" ಅಂದಳು.

ತಿರುಗಿ ಬಂದಾಗ ಸರ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಆ ಮುಖ ನೋಡಿದೆ. "ಶುಕ್ರವಾರ ಬರ್ತಾಳಂತ್ರಿ ಸರ್" ಅಂದುಬಿಟ್ಟೆ. ಅವರು ನನ್ನನ್ನು ತಿದ್ದಲಿಲ್ಲ. ಈ ಸಲ ನಡುವೆ ಗೋಡೆಯೂ ಇರಲಿಲ್ಲ, ಕೇಳಿಸಿಕೊಳ್ಳಲಿಕ್ಕೆ ಆ ಕಡೆ ಚಾಚಿಯೂ ಇರಲಿಲ್ಲ.

ಎರಡು ಶುಕ್ರವಾರ ನಮಾಜು ಮುಗಿಸಿ ಬಂದು, ಬಿಳಿ ಅಂಗಿ ಬಿಚ್ಚದೆ ಸಂಜೆ ತನಕ ಅದೇ ಕುರ್ಚಿಯಲ್ಲಿ ಕೂತರು. "ಕೂಸು ಸಣ್ಣದೈತಿ, ಬಸ್ಸಿನ್ಯಾಗ ಜಾಗಾ ಸಿಕ್ಕಿರಾಕಿಲ್ಲ" ಎಂದು ನನಗೇ ಸಮಾಧಾನ ಹೇಳಿದರು. ಮೂರನೆಯ ಶುಕ್ರವಾರಕ್ಕೆ ಅವರಿರಲಿಲ್ಲ. ಮಗಳು ಬರುತ್ತಾಳೆ ಅಂದುಕೊಂಡೇ ಹೋದರಲ್ಲ, ಅಷ್ಟಾದರೂ ಶಿವ ನಡೆಸಿದ ಎಂದು ದೇವರ ಮುಂದೆ ದೀಪ ಹಚ್ಚಿದೆ.

ರೇಷ್ಮಾ ಬಂದಳು. ಜನ ಕರಗಿದ ಮೇಲೆ ನನ್ನ ಹತ್ತಿರ ಕೂತು, "ನಾ ಬರೂದಿಲ್ಲ ಅಂದದ್ದಕ್ಕ ಅಬ್ಬಾ ಏನಂದ್ರು ಅಕ್ಕಾ?" ಎಂದು ಕೇಳಿದಳು.

ಶುಕ್ರವಾರದ ನನ್ನ ಸುಳ್ಳನ್ನೂ ಬಿಡದೆ, ಇದ್ದದ್ದನ್ನು ಇದ್ದಂಗೆ ಹೇಳಿದೆ. ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಬೈಯಲಿಲ್ಲ.

"ಅಬ್ಬಾ ಒಂದ ಸಲಕ್ಕ ಬಿಡಾವ್ರಲ್ರಿ" ಅಂದಳು. "ಇನ್ನೊಮ್ಮಿ ಹೇಳಿ ಕಳಸ್ತಾರ, ಆವಾಗ ಹೋದ್ರಾತು ಅಂತ ಕುಂತಿದ್ದೆ."

ಈಗಲೂ ಸೋಮವಾರ ಗುಡಿಗೆ ಹೋಗುತ್ತೇನೆ. ಬರುವಾಗ ಆ ಓಣಿ ಬಿಟ್ಟು, ಸುತ್ತು ಹಾಕಿ ಬರುತ್ತೇನೆ.